ವಾರಗಿತ್ತಿಯ ಯೋಚನೆಗಳ ತೂಕ

ಮಕ್ಕಳೇ, ಕೆಟ್ಟ ಯೋಚನೆಗಳನ್ನು ತಕ್ಕಡಿಗೆ ಹಾಕಿ ತೂಗಿದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ವಾರಗಿತ್ತಿ, ನಿಮ್ಮ ಚಂದ್ರಾ ಲೇಔಟ್ ದೊಡ್ಡಜ್ಜಿ!

ಭಾವನವರಿಗೆ ಮರೆವಿನ ಕಾಯಿಲೆ ಬಂದ ಮೇಲೆ ಅಕ್ಕ ಒಬ್ಬರೇ ಹೊಸ್ತಿಲು ದಾಟಿದ್ದಿಲ್ಲ. ಸ್ನಾನ ಮಾಡಿಸುವುದು, ಉಣ್ಣಿಸುವುದು ಎಲ್ಲ ಅವರೇ. "ನಾನು ಕೂತಿರ್ತೀನಿ, ನೀವು ಸ್ವಲ್ಪ ಮಲಗಿ ಅಕ್ಕ" ಎಂದರೆ, "ನನ್ನ ಗಂಡ ಕಣೇ, ನಿನಗ್ಯಾಕೆ?" ಎನ್ನುವರು. ಭಾವನವರಿಗಿಂತ ಮೊದಲು ಇವರೇ ಹಾಸಿಗೆ ಹಿಡಿದಾರೆಂದು ನನಗೆ ದಿಗಿಲು.

ಆಸ್ಪತ್ರೆಯಲ್ಲಿ, ಇಂಥವರನ್ನು ನೋಡಿಕೊಳ್ಳುವ ಮನೆಯವರಿಗೆ ಸಮಾಧಾನ ಹೇಳುವ ಹುಡುಗಿಯೊಬ್ಬಳಿದ್ದಾಳೆ. "ನಿಮಗೆ ಅನುಕೂಲ ಆಗೋ ಯೋಚನೆ ಎಷ್ಟು ಬರುತ್ತೆ, ತೊಂದರೆ ಕೊಡೋ ಯೋಚನೆ ಎಷ್ಟು ಬರುತ್ತೆ, ಅಳೆದು ನೋಡಿ ಆಂಟಿ" ಎಂದಳು. ಅಳೆಯಿರಿ ಎಂದರೆ ಅಕ್ಕ ಬಿಡುವವರೇ? ಎರಡು ಡಬ್ಬಿ ಇಟ್ಟರು. ಒಳ್ಳೆಯ ಯೋಚನೆ ಬಂದರೆ ಅವರೆಕಾಳು, ಕೆಟ್ಟದ್ದು ಬಂದರೆ ಕಡಲೆಕಾಳು!

ಒಂದು ದಿನ ಭಾವನವರು ಎರಡನ್ನೂ ಬೆರೆಸಿಟ್ಟರು. ಅಕ್ಕನಿಗೆ ಸಿಟ್ಟು ಬಂತು. ಆ ಸಿಟ್ಟಿಗೆ ಇನ್ನೊಂದು ಕಡಲೆ!

ಮತ್ತೊಮ್ಮೆ ನಾನು ಹೋದಾಗ ಊಟಕ್ಕೆ ಅವರೆಕಾಳಿನ ಸಾರು.

"ಅಕ್ಕ, ಇದು ಡಬ್ಬೀದಾ?"

"ಹೂಂ, ನನ್ನ ಒಳ್ಳೇ ಬುದ್ಧಿ. ಬೇರೆ ಕಾಳಿರ್ಲಿಲ್ಲ. ಸುಮ್ನೆ ಉಣ್ಣು!"

ಮಾರನೆಯ ದಿನ ಅಷ್ಟೇ ಕಾಳು ತಂದು ತುಂಬಿದರು. ಅಂಗಡಿಯಿಂದ ಒಳ್ಳೆಯ ಬುದ್ಧಿ ಕೊಂಡು ತಂದವರು ಲೋಕದಲ್ಲಿ ಬೇರೆ ಯಾರಿದ್ದಾರೆ?

ಮತ್ತೆ ಆಸ್ಪತ್ರೆಗೆ ಹೋಗುವ ದಿನ, ದಾರಿಯಲ್ಲಿ ಮಾರೇನಹಳ್ಳಿಯ ಅಂಗಡಿಯಲ್ಲಿ ಎರಡೂ ಡಬ್ಬಿಯ ಕಾಳು ತೂಗಿಸಿದರು. ನಾನು ಭಾವನವರ ಕೈ ಹಿಡಿದು ನಿಂತಿದ್ದೆ.

"ಮಾರೋಕಾ ಆಂಟಿ?"

"ಬರೀ ತೂಕ ಹಾಕಪ್ಪ. ಇದು ನನ್ನ ಕೆಟ್ಟ ಬುದ್ಧಿ."

ಅಂಗಡಿಯವನು ಕಡಲೆಯನ್ನು ಕೈಯಾಡಿಸಿ ನೋಡಿ, "ಕ್ವಾಲಿಟಿ ಚೆನ್ನಾಗಿದೆ" ಎಂದ!

ಆಸ್ಪತ್ರೆಯ ಹುಡುಗಿ ಡಬ್ಬಿ ನೋಡಿ ನಗಲಿಲ್ಲ. "ಕಡಲೆ ಯಾವಾಗ ಹಾಕಿದ್ರಿ ಆಂಟಿ?"

ಅಕ್ಕ ತಲೆ ತಗ್ಗಿಸಿದರು. "ಸ್ವಲ್ಪ ನಿದ್ದೆ ಮಾಡ್ಬೇಕು ಅನ್ಸಿದಾಗ. ಒಬ್ಬಳೇ ಹೋಗಿ ಮಸಾಲೆ ದೋಸೆ ತಿನ್ಬೇಕು ಅನ್ಸಿದಾಗ."

"ಅವರೆ?"

"ನಾನೊಬ್ಬಳೇ ನೋಡ್ಕೋಬೇಕು, ಇವರನ್ನ ಬಿಟ್ಟು ಕದಲಬಾರದು ಅನ್ಸಿದಾಗ."

ಹುಡುಗಿ ಡಬ್ಬಿಗಳನ್ನು ಅದಲು ಬದಲು ಮಾಡಿಟ್ಟಳು. "ಎಲ್ಲಾ ಉಲ್ಟಾ ಆಂಟಿ! ನಿಮಗೆ ತೊಂದರೆ ಕೊಡ್ತಿರೋದು ಈ ಅವರೆಕಾಳೇ."

ಅಕ್ಕ ಬೆಚ್ಚಿ ನನ್ನ ಕಡೆ ತಿರುಗಿದರು. "ಅಯ್ಯೋ, ಹಾಗಾದ್ರೆ ಇವಳಿಗೆ ಕೆಟ್ಟ ಬುದ್ಧಿ ಸಾರು ಬಡಿಸಿದ್ನಾ?"

ಆ ಸಂಜೆ ಅಕ್ಕ ಭಾವನವರನ್ನು ನನಗೊಪ್ಪಿಸಿ ದೋಸೆ ತಿನ್ನಲು ಹೊರಟರು. ಗೇಟಿನಿಂದ ಮೂರು ಸಲ ವಾಪಸ್ ಬಂದು, ನಾಲ್ಕನೆಯ ಸಲ ಹೋದರು.

ಭಾವನವರು ಬಾಗಿಲನ್ನೇ ನೋಡುತ್ತಿದ್ದರು. "ಆಯಮ್ಮ ಎಲ್ಲಿ ಹೋದ್ರು?"

"ಬರ್ತಾರೆ ಭಾವ, ಈಗ ಬರ್ತಾರೆ."

"ನಿಧಾನಕ್ಕೆ ಬರ್ಲಿ ಬಿಡಿ," ಎಂದರು. "ಪಾಪ, ಯಾರ ಮನೆಯವರೋ, ನನಗೋಸ್ಕರ ತುಂಬಾ ಮಾಡ್ತಾರೆ."