ನಾನು ಸಿದ್ದಯ್ಯನವರನ್ನು ಕ್ಷಮಿಸಲು ಹೋದದ್ದು

ಆ ವರ್ಷದ ಕ್ರಿಸ್‌ಮಸ್ಸಿಗೆ ಹನೂರಿನಲ್ಲಿ ಯಾರೂ ಮಾಡದ ಕೆಲಸವೊಂದನ್ನು ಮಾಡುತ್ತೇನೆಂದು ನಾನು ಡಿಸೆಂಬರ್ ಮೊದಲ ವಾರದಲ್ಲೇ ಘೋಷಿಸಿಬಿಟ್ಟೆ. ಹೊಸ ಅಂಗಿಯನ್ನು ಯಾರು ಬೇಕಾದರೂ ಹೊಲಿಸಿಕೊಳ್ಳುತ್ತಾರೆ. ಬಾಲಯೇಸುವಿನ ಗೋದಲಿಯನ್ನು ಯಾರು ಬೇಕಾದರೂ ಕಟ್ಟುತ್ತಾರೆ. ನಾನು ಶತ್ರುವನ್ನು ಕ್ಷಮಿಸುತ್ತೇನೆ! ಅದೂ ಕದ್ದುಮುಚ್ಚಿ ಅಲ್ಲ, ಹಾಡಹಗಲಲ್ಲಿ, ಸಾಕ್ಷಿ ಸಮೇತ!

ನಮ್ಮ ತಾಲ್ಲೂಕು ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ. ನಾನು ಊರ ಶಾಲೆಯಲ್ಲಿ ಮೇಷ್ಟ್ರು. ಕೊಳ್ಳೇಗಾಲದಿಂದ ಬಂದು ಪೂಜೆ ಮಾಡಿದ ಗುರುಗಳು ಆ ಭಾನುವಾರದ ಪ್ರಸಂಗದಲ್ಲಿ, "ಗೋದಲಿಗೆ ಹುಲ್ಲು ಹಾಸುವ ಮೊದಲು ಪಕ್ಕದ ಮನೆಯವರ ಜೊತೆ ಮಾತಾಡಿ. ಪ್ರೀತಿ, ದಯೆ ಇಲ್ಲದಿದ್ದರೆ ಕ್ರಿಸ್‌ಮಸ್ ಬರೀ ಕಜ್ಜಾಯದ ಹಬ್ಬ" ಎಂದಿದ್ದರು. ಪಕ್ಕದ ಮನೆ ಎನ್ನುವಾಗ ನನ್ನ ಕಡೆಗೇ ನೋಡಿದರು. ನನಗೆ ನಾಚಿಕೆಯಾಗಬೇಕಿತ್ತು. ಹೆಮ್ಮೆಯಾಯಿತು! ಇಡೀ ಸಭೆಯಲ್ಲಿ ಕ್ಷಮಿಸಲು ಲಾಯಕ್ಕಾದ ಶತ್ರುವನ್ನು ಇಟ್ಟುಕೊಂಡಿದ್ದವನು ನಾನೊಬ್ಬನೇ ತಾನೆ?

ಶತ್ರುವಿನ ಹೆಸರು ದೊಡ್ಡಸಿದ್ದಯ್ಯ. ಅರವತ್ತು ದಾಟಿದ ರೈತ. ನಮ್ಮ ಅವರ ಮನೆಗಳ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಅವರ ಅಪರಾಧವೇನೆಂದು ಕೇಳುತ್ತೀರಾ? ಹಿಂದಿನ ಕ್ರಿಸ್‌ಮಸ್ಸಿಗೆ ನಾವು ಕಳಿಸಿದ ಕಜ್ಜಾಯದ ತಟ್ಟೆಯನ್ನು ಬರಿದಾಗಿ ವಾಪಸು ಕಳಿಸಿದ್ದರು! ನಮ್ಮ ಕಡೆ ಹಬ್ಬದ ತಟ್ಟೆ ಬರಿದಾಗಿ ಹಿಂದಿರುಗುವುದುಂಟೇ? ಒಂದು ಅಚ್ಚು ಬೆಲ್ಲ, ಒಂದು ಹಿಡಿ ಸಕ್ಕರೆ, ಏನೂ ಇಲ್ಲದಿದ್ದರೆ ಎರಡು ವೀಳ್ಯದೆಲೆ ಇಟ್ಟು ಕೊಡುತ್ತಾರೆ. ಇದು ತೊಳೆದ ತಟ್ಟೆ! ಮುಖ ಕಾಣುವಂತೆ ಉಜ್ಜಿದ ತಟ್ಟೆ! ಅದರಲ್ಲಿ ನನ್ನ ಮುಖವೇ ಕಂಡಿತು, ಕೆಂಪಗೆ.

"ಇನ್ನು ಮೇಲೆ ಆ ಮನೆಯ ಹೆಸರನ್ನು ಈ ಮನೆಯಲ್ಲಿ ಎತ್ತಕೂಡದು!" ಎಂದು ಹೆಂಡತಿ ಆರೋಗ್ಯಮ್ಮನಿಗೆ ಅಪ್ಪಣೆ ಮಾಡಿದೆ.

"ಏನಾಯ್ತೋ ಏನೋ, ಒಂದು ಮಾತು ಕೇಳಬಾರ್ದಾ?"

"ಕೂಡದು ಅಂದರೆ ಕೂಡದು!"

ಅಂದಿನಿಂದ ನಾನು ಮೌನವ್ರತ ಹಿಡಿದೆ. ಸಿದ್ದಯ್ಯ ಗೋಡೆಯಾಚೆಯಿಂದ "ಮೇಷ್ಟ್ರೇ" ಎಂದರೆ ಆಕಾಶ ನೋಡುತ್ತಿದ್ದೆ. ಆತನೋ ಬಿಡುವ ಆಸಾಮಿಯಲ್ಲ. ವಾರ ಕಳೆಯುವಷ್ಟರಲ್ಲಿ ದನಿ ಏರಿಸಿದ. ತಿಂಗಳು ಕಳೆಯುವಷ್ಟರಲ್ಲಿ ಬೀದಿಗೆಲ್ಲ ಕೇಳುವಂತೆ "ಮೇಷ್ಟ್ರೇಏಏ!" ಎಂದು ಅರಚತೊಡಗಿದ. ಅಣಕ! ಆಮೇಲೆ ಕೈಸನ್ನೆ ಶುರುವಾಯಿತು. ಐದು ಬೆರಳು ಕೂಡಿಸಿ ಬಾಯಿಗೆ ಒಯ್ದು, ಹುಬ್ಬು ಹಾರಿಸುತ್ತಿದ್ದ. ನನ್ನನ್ನು ಹೊಟ್ಟೆಬಾಕ ಎನ್ನುತ್ತಿದ್ದಾನೆ! ಸಂಬಳದ ಮೇಷ್ಟ್ರನ್ನು! ಇಷ್ಟನ್ನೂ ಒಂದು ವರ್ಷ ನುಂಗಿಕೊಂಡವನು ನಾನು. ಈಗ ಕ್ಷಮಿಸಲು ಹೊರಟವನೂ ನಾನು. ನನ್ನ ದೊಡ್ಡತನಕ್ಕೆ ನನಗೇ ಕಣ್ಣು ತುಂಬಿ ಬರುತ್ತಿತ್ತು.

ಕ್ಷಮೆಯ ಭಾಷಣವನ್ನು ಬರೆದು ಬಾಯಿಪಾಠ ಮಾಡಿದೆ. ಕ್ರಿಸ್‌ಮಸ್ ಬೆಳಿಗ್ಗೆ ಪೂಜೆ ಮುಗಿದದ್ದೇ ಉಪದೇಶಿ ಮುತ್ತಯ್ಯನವರನ್ನು ಸಾಕ್ಷಿಗೆಂದು ಕರೆದುಕೊಂಡೆ. ಊರಿನ ಕ್ರೈಸ್ತರ ಮಕ್ಕಳಿಗೆ ಜಪ ಕಲಿಸುವ ಸಾಧು ಮನುಷ್ಯ ಅವರು. ಒಂದು ಕೈಯಲ್ಲಿ ಕಜ್ಜಾಯದ ತಟ್ಟೆ, ಇನ್ನೊಂದರಲ್ಲಿ ಹೊಸ ಪಂಚೆಯ ಚುಂಗು. ಸಿದ್ದಯ್ಯ ಜಗಲಿಯ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನಾನು ಅಂಗಳದ ನಡುವೆ ನಿಂತು ಗಂಟಲು ಸರಿಮಾಡಿಕೊಂಡೆ.

"ದೊಡ್ಡಸಿದ್ದಯ್ಯನವರೇ! ಕಳೆದ ವರ್ಷ ಇದೇ ದಿನ..."

ಮುಂದಿನ ಮಾತಿಗೆ ಅವಕಾಶವೇ ಸಿಗಲಿಲ್ಲ! ಮುದುಕ ಎಣ್ಣೆ ಬಟ್ಟಲನ್ನು ಉರುಳಿಸಿ ಎದ್ದು ನಿಂತುಬಿಟ್ಟರು.

"ಬಸಮ್ಮೀ! ಬಾಮ್ಮೀ ಇತ್ಲಾಗೆ! ಮೇಷ್ಟ್ರು ಮಾತಾಡುದ್ರು ಕಣಮ್ಮೀ!"

ಹೆಂಡತಿ ದೊಡ್ಡಬಸಮ್ಮ ಒನಕೆ ಹಿಡಿದುಕೊಂಡೇ ಓಡಿಬಂದರು. ಸಿದ್ದಯ್ಯ ಕುಂಟುತ್ತಾ ನನ್ನ ಬೆನ್ನ ಹಿಂದೆ ಹೋಗಿ ಫಟ್ಟನೆ ಚಪ್ಪಾಳೆ ಹೊಡೆದರು. ನಾನು ಬೆಚ್ಚಿದೆ. ಎರಡು ಕಜ್ಜಾಯ ನೆಲಕ್ಕೆ ಬಿದ್ದವು.

"ಕೇಳುಸ್ತು! ಉಘೇ ಮಾದಪ್ಪ! ಕಿವಿ ಬಂದ್ಬುಡ್ತು!"

"ಯಾವ ಕಿವಿ?" ಎಂದೆ.

"ನಿಮ್ದೇ ಕಣ್ ಮೇಷ್ಟ್ರೇ! ಒಂದು ವರ್ಸದಿಂದ ಕೂಗಿ ಕೂಗಿ ನನ್ನ ಗಂಟ್ಲು ಬಿದ್ದೋಯ್ತು. ಸನ್ನೆಲಾದ್ರೂ ಮಾತಾಡ್ಸಾನ ಅಂತ, ಉಂಡ್ರಾ ಉಂಡ್ರಾ ಅಂತ ದಿನಾ ಕೇಳ್ತಿದ್ದೆ. ಇಸ್ಕೂಲಲ್ಲಿ ಐಕಳು ಅಷ್ಟು ಗಲಾಟೆ ಮಾಡ್ತಿದ್ರೂ ನಿಮ್ಗೆ ಕೇಳುಸ್ತಿರ್ನಿಲ್ವಲ್ಲ, ಪಾಪ ಅನ್ಕತಿದ್ದೆ."

ನನ್ನ ಕೈಯ ತಟ್ಟೆ ಭಾರವಾಗತೊಡಗಿತು. ದೊಡ್ಡಬಸಮ್ಮ ಅದನ್ನು ಇಸಿದುಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಓದ್ ವರ್ಸ ನಿಮ್ ತಟ್ಟೆನ ಬರಿದು ಕಳುಸ್ಬುಟ್ಟೆ ಮೇಷ್ಟ್ರೇ. ಅದೊಂದು ನನ್ನ ಮನ್ಸಲ್ಲಿ ಕೊರಿತಾನೇ ಇತ್ತು. ಅವತ್ತೇ ಹೂಗ್ಯದಿಂದ ನಮ್ ಭಾವ ತೀರೋದ್ರು ಅಂತ ಸುದ್ದಿ ಬಂತು. ಸಾವಾದ ಮನೆಯಿಂದ ಸೀ ಎಂಗ್ ಕೊಡದು?"

ಊರಿನ ಅರ್ಧ ಜನ ಆಗ ಹೂಗ್ಯಕ್ಕೆ ಹೋಗಿಬಂದದ್ದು ನನಗೆ ನೆನಪಾಯಿತು. ಸಿದ್ದಯ್ಯನ ಮನೆಗೆ ಬೀಗ ಕಂಡಾಗ, ಅವಮಾನ ಮಾಡಿ ಮುಖ ತೋರಿಸಲಾರದೆ ಊರು ಬಿಟ್ಟಿದ್ದಾನೆ ಎಂದು ನಾನು ಮೀಸೆ ತಿರುವಿದ್ದೆ. ಆ ಮೀಸೆಯನ್ನು ಆಗಲೇ ಬೋಳಿಸಿಕೊಳ್ಳೋಣ ಎನ್ನಿಸಿತು.

ಉಪದೇಶಿ ಮುತ್ತಯ್ಯ ನನ್ನ ಕಿವಿಯಲ್ಲಿ, "ಮೇಷ್ಟ್ರೇ, ಕ್ಷಮಿಸ್ತೀನಿ ಅಂದ್ರಲ್ಲ, ಯಾವಾಗ ಶುರು?" ಎಂದರು. ಸಾಧು ಮನುಷ್ಯರನ್ನು ಸಾಕ್ಷಿಗೆ ಕರೆಯಬಾರದು!

ಅಷ್ಟರಲ್ಲಿ ಸಿದ್ದಯ್ಯ ಗೂಟದಿಂದ ಹೆಗಲ ಚೀಲ ತೆಗೆಯುತ್ತಿದ್ದರು.

"ಎಲ್ಲಿಗೆ?" ಎಂದೆ.

"ಬೆಟ್ಟಕ್ಕೆ. ಮಾದಪ್ಪನಿಗೆ ಅರಕೆ ಕಟ್ಕಂಡಿದ್ದೆ. ನಡ್ಕಂಡೇ ಬತ್ತೀನಿ, ಗುಡಿ ಸುತ್ತ ಮೂರು ಸುತ್ತು ಉರುಳುಸೇವೆ ಮಾಡ್ತೀನಿ ಅಂತ. ನಾಳೀಕೆ ಒಂಟೋಯ್ತೀನಿ."

ಅಜ್ಜೀಪುರ, ರಾಮಾಪುರ ದಾಟಿ, ಕಾಡು ಹಾದು, ಏರು ಹತ್ತಿ, ಎರಡು ದಿನದ ನಡಿಗೆ! ಜಗಲಿ ಇಳಿಯಲು ಕಂಬ ಹಿಡಿಯುವ ಮುದುಕ, ಆಮೇಲೆ ಕಲ್ಲುನೆಲದ ಮೇಲೆ ಮೂರು ಸುತ್ತು ಉರುಳಬೇಕು. ಯಾತಕ್ಕೆ? ನನ್ನ ಗಟ್ಟಿಮುಟ್ಟಾದ ಎರಡು ಕಿವಿಗಳಿಗಾಗಿ! ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಸಿದ್ದಯ್ಯನ ಮಂಡಿ ಹೋಗುತ್ತಿತ್ತು. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಮಾನದ ಕಡೆಗೇ ವಾಲಿದೆ.

ಆಮೇಲೆ ಹೇಳಿಬಿಟ್ಟೆ. ಬಾಯಿಪಾಠ ಮಾಡಿದ ಭಾಷಣದ ಒಂದು ಪದವೂ ಕೆಲಸಕ್ಕೆ ಬರಲಿಲ್ಲ. "ಸಿದ್ದಯ್ಯನೋರೇ, ನನ್ನ ಕಿವಿಗೆ ಏನೂ ಆಗಿರಲಿಲ್ಲ. ನೀವು ಕೂಗಿದ್ದೆಲ್ಲ ಕೇಳಿಸುತ್ತಿತ್ತು. ತಟ್ಟೆ ಬರಿದು ಬಂತೆಂದು ಸಿಟ್ಟು ಮಾಡಿಕೊಂಡಿದ್ದೆ."

ಅವರ ಮುಖ ಸಪ್ಪಗಾಯಿತು. ತಲೆ ತಗ್ಗಿಸಿ ಚೀಲದ ದಾರ ಸರಿಮಾಡತೊಡಗಿದರು.

"ಅಣ್ಣ ಓದಾಗ ನೀವು ಬರ್ನಿಲ್ಲ," ಎಂದರು ಮೆಲ್ಲಗೆ. "ಬಸಮ್ಮ ನೊಂದ್ಕಂಡ್ಲು. ನಾನೇ ಅಂದೆ, ಕೇಳುಸ್ನಿಲ್ಲ ಕಣಮ್ಮೀ, ಕೇಳುಸಿದ್ರೆ ಬರ್ದೇ ಇರ್ತಿದ್ರಾ ಅಂತ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ಹೇಗೆ ತಡೆದುಕೊಳ್ಳಲಿ? ಅಂಗಳದಲ್ಲಿ ಹೊಸ ಪಂಚೆ ಉಟ್ಟು ನಿಂತಿದ್ದ ನನಗೆ ಬತ್ತಲೆ ನಿಂತಂತಾಯಿತು. "ತಪ್ಪಾಯ್ತು," ಎಂದೆ. "ನೀವು ಬೆಟ್ಟಕ್ಕೆ ಹೋಗೋದು ಬೇಡ. ವಾಸಿಯಾಗೋಕೆ ನನಗೆ ಕಾಯಿಲೆಯೇ ಇರಲಿಲ್ಲವಲ್ಲ."

ಸಿದ್ದಯ್ಯ ತಲೆ ಎತ್ತಿದರು.

"ಅದೆಂಗಾದದು? ನಾನೇನು ಕಿವಿ ವಾಸಿ ಮಾಡು ಅಂತ ಕಟ್ಕಂಡಿದ್ನಾ? ಮೇಷ್ಟ್ರು ನನ್ ಕುಟೆ ಮಾತಾಡಂಗೆ ಮಾಡಪ್ಪಾ ಅಂತ ಕಟ್ಕಂಡಿದ್ದೆ. ಮಾತಾಡುದ್ರಲ್ಲ! ಅರಕೆ ಅಂದ್ರೆ ಅರಕೆ."

ಮನೆಗೆ ಬಂದು ಆರೋಗ್ಯಮ್ಮನ ಮೇಲೆ ಹಾರಿದೆ. "ಅವರ ಅಣ್ಣ ಸತ್ತದ್ದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಆ ಮನೆ ಹೆಸರು ಎತ್ತಕೂಡದು ಅಂದೋರು ಯಾರು?"

"ನಾನು ಕಿವುಡ ಅಂತ ಹೇಳಿದ್ದೂ ನೀನೇನಾ?"

"ನಾನೆಲ್ಲಿ ಹೇಳ್ದೆ? ಮೇಷ್ಟ್ರಿಗೆ ಕಿವಿ ಕೇಳಲ್ವಾ ಅಂತ ಬಸಮ್ಮಕ್ಕ ಕೇಳುದ್ಲು. ನಾನು ಹೇಳಿದ್ದು ಒಂದ್ನೂ ಕೇಳಲ್ಲ ಕಣಕ್ಕ ಅಂದೆ. ಸುಳ್ಳಾ?"

ಸುಳ್ಳಲ್ಲ. ಅದಕ್ಕೇ ಹಾರಿದವನು ಹಾಗೇ ಇಳಿದೆ.

ಹಬ್ಬದ ಪೂಜೆಗೆ ಬಂದು ಇನ್ನೂ ಊರಲ್ಲೇ ಇದ್ದ ಗುರುಗಳ ಹತ್ತಿರ ಓಡಿದೆ. ಅವರು ನಗು ತಡೆಯಲಾರದೆ ಕೆಮ್ಮಿ, ಆಮೇಲೆ ಗಂಭೀರವಾಗಿ, "ಹರಕೆ ಅವರದು, ತಪ್ಪು ನಿನ್ನದು. ಹೋಗು, ಅವರ ಗಂಟು ಹೊರು" ಎಂದರು.

ಹೊತ್ತೆ. ಮಾರನೆಯ ಬೆಳಿಗ್ಗೆ ಹೊರಟು, ಐದು ಮೈಲಿಗೊಮ್ಮೆ ಅವರ ಮಂಡಿಗೆ ಎಣ್ಣೆ ತಿಕ್ಕುತ್ತಾ ಎರಡು ದಿನದ ದಾರಿಯನ್ನು ಮೂರು ದಿನ ನಡೆದೆವು. ವರ್ಷದ ಮಾತನ್ನೆಲ್ಲ ಸಿದ್ದಯ್ಯ ದಾರಿಯಲ್ಲೇ ಮುಗಿಸಿದರು, ಪೂರ್ತಿ ಗಟ್ಟಿ ದನಿಯಲ್ಲಿ! ಅಭ್ಯಾಸ ಬಿಟ್ಟುಹೋಗಿರಲಿಲ್ಲ.

ಬೆಟ್ಟದಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ ಮುದುಕ ಉರುಳತೊಡಗಿದರು. ನಾನು ಮುಂದೆ ಮುಂದೆ ಬಗ್ಗಿ, ಅವರಿಗೆ ಚುಚ್ಚದಂತೆ ಹರಳುಕಲ್ಲು ಆರಿಸುತ್ತಾ ಹೋದೆ. ಅವರು ಪ್ರತಿ ಸಲ "ಅಮ್ಮಾ" ಎಂದಾಗಲೂ ನನ್ನ ಬೆನ್ನಿಗೆ ಒಂದು ಏಟು ಬಿದ್ದಂತಾಗುತ್ತಿತ್ತು. ಎರಡನೇ ಸುತ್ತಿನಲ್ಲಿ, ನೋಡುತ್ತಾ ನಿಂತಿದ್ದ ರಾಮಾಪುರದ ಕಡೆಯ ಹೆಂಗಸೊಬ್ಬಳು ಕನಿಕರದಿಂದ ನನ್ನನ್ನು ಕೇಳಿದಳು:

"ಪಾಪ, ಇಷ್ಟು ವಯ್ಸಾದೋರು! ಯಾರಿಗ್ ಉಸಾರಿರ್ನಿಲ್ಲ ಸಾ?"

"ನನಗೇ ಕಣಮ್ಮ."

"ಏನಾಗಿತ್ತು ಸಾ ತಮ್ಗೆ?"

ಮೇಷ್ಟ್ರಾದವನು ಪ್ರಶ್ನೆಗೆ ಸರಿಯುತ್ತರ ಕೊಡಬೇಕು. "ಕೊಬ್ಬು" ಎಂದೆ.

ಅವಳು ಸರ್ರನೆ ತಿರುಗಿ, ಗೋಡೆಗೊರಗಿ ಎಲೆಯಡಿಕೆ ಮೆಲ್ಲುತ್ತಿದ್ದ ಗಂಡನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು:

"ನಮ್ ಯಜಮಾನ್ರಿಗೂ ಅದೇಯ ಸಾ. ಎಷ್ಟು ಸುತ್ತಿಗೆ ವಾಸಿಯಾಯ್ತದೆ?"