ರಿಸೀವ್ ಕೆಳಗೆ, ಅಬ್ಟೇನ್ ಮೇಲೆ

ನಮ್ಮ ಕಚೇರಿಯಲ್ಲಿ ಬಂದ ವಸ್ತು ಬೇರೆ, ಪಡೆದ ವಸ್ತು ಬೇರೆ. ಬಂದದ್ದಕ್ಕೆ ಕೆಳಗೆ ರಿಸೀವ್ ವಿಭಾಗವಿದೆ, ಅದರ ಮುಖ್ಯಸ್ಥ ನಾನು. ಪಡೆಯುವುದಕ್ಕೆ ಮೇಲಿನ ಮಹಡಿಯಲ್ಲಿ ಅಬ್ಟೇನ್ ವಿಭಾಗವಿದೆ, ಅದರ ಮುಖ್ಯಸ್ಥ ನನ್ನ ಷಡ್ಡಕ. ನಮ್ಮಿಬ್ಬರಿಗೂ ಮಾತಿಲ್ಲ, ಆದ್ದರಿಂದ ಕೆಲಸ ಶಿಸ್ತಾಗಿ ನಡೆಯುತ್ತದೆ.

ಮೊದಲು ಹೀಗಿರಲಿಲ್ಲ. ಸ್ವಂತ ಉದ್ಯೋಗ ಮಾಡುವವರಿಗೆ ಉಪಕರಣ ಹಂಚುವ ಕಚೇರಿ ನಮ್ಮದು. ಉಪಕರಣ ಬರುತ್ತಿತ್ತು, ಕೊಟ್ಟುಬಿಡುತ್ತಿದ್ದೆವು. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಸಾಹೇಬರು ಇಂಗ್ಲಿಷ್ ತರಬೇತಿಗೆ ಹೋಗಿ ಬಂದ ಮೇಲೆ ನಮ್ಮ ಕಣ್ಣು ತೆರೆಯಿತು. ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: "ಕೂತಲ್ಲಿಗೇ ಬಂದರೆ ರಿಸೀವ್. ಪ್ರಯತ್ನಪಟ್ಟು ದಕ್ಕಿಸಿಕೊಂಡರೆ ಅಬ್ಟೇನ್. ಇವೆರಡನ್ನೂ ಕಲಸುಮೇಲೋಗರ ಮಾಡಿಕೊಂಡೇ ಜನ ಸೋಮಾರಿಗಳಾಗಿರೋದು." ನಾವು ಚಪ್ಪಾಳೆ ತಟ್ಟಿದೆವು. ಮರುದಿನವೇ ಗೋಡೆಯ ಮೇಲೆ ಪ್ರಕಟಣೆ ಬಂತು.

"ಸಮಸ್ತ ಫಲಾನುಭವಿಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಯಾವುದೇ ಉಪಕರಣವನ್ನು ಸುಮ್ಮನೆ ಒಯ್ಯತಕ್ಕದ್ದಲ್ಲ. ಅಧಿಕಾರಿಗಳ ಕಣ್ಣೆದುರು ತೃಪ್ತಿಕರವಾದ ಪ್ರಯತ್ನ ಮಾಡಿಯೇ ಅಬ್ಟೇನ್ ಮಾಡತಕ್ಕದ್ದು. ತೃಪ್ತಿಯು ಅಧಿಕಾರಿಗಳದ್ದಾಗಿರತಕ್ಕದ್ದು."

ಈ ನಿಯಮದ ಮೊದಲ ಫಲಾನುಭವಿ ಒಬ್ಬ ಟೈಲರಮ್ಮ. ಅವಳ ಹೆಸರಿಗೆ ಹೊಲಿಗೆ ಯಂತ್ರ ಮಂಜೂರಾಗಿ, ನನ್ನ ವಿಭಾಗದ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಬಣ್ಣ ಬಳಿಯುವ ಕೆಲಸದ ಗಂಡನನ್ನೂ ಒಂದು ತಳ್ಳುಗಾಡಿಯನ್ನೂ ಕರೆತಂದಿದ್ದಳು, ಪಾಪ.

"ಮಷಿನ್ ಬಂದಿದೆಯಂತಲ್ಲ ಸಾರ್, ತಗೊಂಡು ಹೋಗ್ತೀವಿ."

"ಬಂದಿದೆಯಮ್ಮಾ. ಆದರೆ ನಿನಗೆ ಸಿಕ್ಕಿಲ್ಲ."

"ಇಲ್ಲೇ ಕಾಣ್ತಾ ಇದೆಯಲ್ಲ ಸಾರ್!"

"ಕಾಣೋದೆಲ್ಲ ಸಿಕ್ಕ ಹಾಗಾ? ಪ್ರಯತ್ನ ಎಲ್ಲಿ?"

"ಅರ್ಜಿ ಹಾಕಿ ಚಪ್ಪಲಿ ಸವೆಯೋ ಹಾಗೆ ಅಲೆದಿದೀನಿ. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯೋ ಆರ್ಡರ್ ಕೈಲಿದೆ. ಶಾಲೆ ಶುರುವಾಗೋದ್ರೊಳಗೆ ಕೊಟ್ರೆ ಪ್ರತಿ ವರ್ಷ ನನಗೇ ಅಂದಿದಾರೆ. ತಪ್ಪಿದ್ರೆ ಪೇಟೆ ಅಂಗಡಿಯವರ ಪಾಲು."

"ಅಲೆದಿದ್ದು ಅಲೆದಾಟ. ಅದು ಪ್ರಯತ್ನದ ಲೆಕ್ಕಕ್ಕೆ ಬರಲ್ಲ. ಮೇಲೆ ಹೋಗಿ ಕೇಳು."

ಮೇಲೆ ನನ್ನ ಷಡ್ಡಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಉಪಕರಣಕ್ಕೆ ಸಂಬಂಧಪಟ್ಟ ಪ್ರಯತ್ನವೇ ಆಗಬೇಕು, ಕಚೇರಿಯ ಒಳಗೇ ಆಗಬೇಕು ಎಂದು ತೀರ್ಪು ಕೊಟ್ಟ. ಮನುಷ್ಯ ಹೇಗೇ ಇರಲಿ, ನಿಯಮ ಬಲ್ಲವನು. ಟೈಲರಮ್ಮ ಕೆಳಗೆ ಬಂದು ಯಂತ್ರದ ಮುಂದೆ ಕೂತು ಸಾಹೇಬರ ಕೋಣೆಯ ಹರಿದ ಪರದೆಯನ್ನು ಹೊಲಿದು ಕೊಟ್ಟಳು. ಸಾಹೇಬರು ಬಂದು ಪರದೆಯನ್ನು ಎಳೆದೆಳೆದು ನೋಡಿದರು.

"ಭೇಷ್! ಇದು ನೋಡಿ ಪ್ರಯತ್ನ ಅಂದರೆ. ಆದರೆ ಒಂದು ಪರದೆಗೆ ಒಂದು ಮಷಿನ್ ಅಬ್ಟೇನ್ ಆಗೋದು ಸ್ವಲ್ಪ ಅಗ್ಗವಾಯ್ತು. ನಾಳೆಯೂ ಪ್ರಯತ್ನಿಸಲಿ."

ಮರುದಿನ ಸಾಹೇಬರ ಮನೆಯ ಪರದೆಗಳು ಬಂದವು. ಆಮೇಲೆ ದಿಂಬಿನ ಚೀಲ, ಗುಮಾಸ್ತರ ಪೈಜಾಮ, ನನ್ನ ಹೆಂಡತಿಯ ರವಿಕೆ. ನನ್ನ ಹೆಂಡತಿಯ ತಂಗಿಯ ರವಿಕೆಯೂ ಬಂತು, ಅದೂ ನನ್ನ ಹೆಂಡತಿಯದಕ್ಕಿಂತ ಮೊದಲೇ ಮುಗಿಯಿತು. ಅದಕ್ಕೆ ಮನೆಯಲ್ಲಿ ನನಗೆ ಮಂಗಳಾರತಿಯಾಯಿತು. ಷಡ್ಡಕನೊಂದಿಗೆ ಮಾತಿಲ್ಲದಿದ್ದುದು ಅಂದಿನಿಂದ ಇನ್ನೂ ಗಟ್ಟಿಯಾಯಿತು.

ಈ ಮಧ್ಯೆ ಶಾಲೆ ಶುರುವಾಯಿತು. ಮಕ್ಕಳು ಪೇಟೆ ಅಂಗಡಿಯ ಯೂನಿಫಾರ್ಮ್ ತೊಟ್ಟು ಕಚೇರಿಯ ಮುಂದೆಯೇ ಸಾಲಾಗಿ ಹೋದರು. ಟೈಲರಮ್ಮ ಯಂತ್ರ ನಿಲ್ಲಿಸಿ ಕಿಟಕಿಯಿಂದ ನೋಡಿದಳು. "ಆ ಕಾಲರ್ ನೋಡಿ ಸಾರ್, ಹೆಂಗೆ ಸೊಟ್ಟ ಕೂರಿಸಿದಾರೆ," ಅಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಕರುಳು ಚುರುಕ್ ಎಂದಿತು, ಸುಳ್ಳು ಯಾಕೆ ಹೇಳಲಿ. ಅತ್ತದ್ದನ್ನು ಪ್ರಯತ್ನವೆಂದು ಪರಿಗಣಿಸಬಹುದೇ ಎಂದು ಮೇಲಿನ ಮಹಡಿಗೆ ಬರೆದು ಕೇಳಿದೆ. ಪರಿಗಣಿಸಲು ಬರುವುದಿಲ್ಲ ಎಂದು ಉತ್ತರ ಬಂತು.

ಅಷ್ಟರಲ್ಲಿ ತಪಾಸಣೆಯವರು ಬಂದರು. ಅವರ ಕಣ್ಣು ಹದ್ದಿನ ಕಣ್ಣು.

"ಮಷಿನ್‌ಗೆ ಸ್ವತ್ತಿನ ನಂಬರ್ ಇದೆ, ಸರಿ. ಅದರ ಮುಂದೆ ಕೂತಿರೋ ಹೆಂಗಸಿಗೆ ಯಾಕಿಲ್ಲ?"

ಸಾಹೇಬರು ನನ್ನ ಕಡೆ ತಿರುಗಿದರು. "ಈಕೆಯನ್ನು ನಾವು ಪ್ರಯತ್ನಪಟ್ಟು ಕರೆಸಿದ್ದಾ?"

"ಇಲ್ಲ ಸಾರ್, ತಾನಾಗೇ ಬಂದದ್ದು."

"ಹಾಗಾದರೆ ರಿಸೀವ್. ಬರೆದುಕೊಳ್ಳಿ."

ಬರೆದುಕೊಂಡೆ. ಟೈಲರಮ್ಮನಿಗೂ ಒಂದು ನಂಬರ್ ಬಂತು. ಕಚೇರಿಯ ಸ್ವತ್ತು ಕಚೇರಿಯಲ್ಲೇ ಇರಬೇಕಾದ್ದರಿಂದ ಅವಳಿಗೆ ಸ್ಟೋರ್ ರೂಮಿನಲ್ಲೇ ಚಾಪೆ ಹಾಸಿಕೊಟ್ಟೆವು, ಫ್ಯಾನೂ ಇದೆ.

ಸಂಜೆ ಗಂಡ ಬಂದು ಗಲಾಟೆ ಮಾಡಿದ. "ಏನ್ ಸಾರ್ ಇದು ಅನ್ಯಾಯ! ಮಷಿನ್ ಹಾಳಾಗಿ ಹೋಗ್ಲಿ, ನನ್ನ ಹೆಂಡ್ತೀನ ಕಳಿಸಿ."

"ಕಳಿಸೋಣ, ಅದಕ್ಕೇನಂತೆ. ಅಬ್ಟೇನ್ ಮಾಡಿಕೋ. ಏನಯ್ಯಾ ನಿನ್ನ ಕಸುಬು?"

"ಬಣ್ಣ ಬಳಿಯೋದು."

ನಾನು ಕಚೇರಿಯ ಗೋಡೆಗಳನ್ನು ಸುಮ್ಮನೆ ನೋಡಿದೆ, ಅವನೂ ನೋಡಿದ. ಬೆಳಿಗ್ಗೆ ಏಣಿಯ ಸಮೇತ ಬಂದ. ಮುಂಗೋಡೆ ಮುಗಿಯಿತು, ಹಿಂಗೋಡೆ ಮುಗಿಯಿತು, ಸಾಹೇಬರ ಮನೆಯ ಕಾಂಪೌಂಡೂ ಮುಗಿಯಿತು. ಯಾರೂ ಕರೆಯದೆ ಬಂದವನಾದ್ದರಿಂದ ಅವನಿಗೂ ನಂಬರ್ ಕೊಟ್ಟೆವು. ಗಂಡ ಹೆಂಡತಿ ಒಂದೇ ಸ್ಟೋರ್ ರೂಮಿನಲ್ಲಿ ಇರಲೆಂದು ಸಾಹೇಬರು ವಿಶೇಷ ಆದೇಶ ಹೊರಡಿಸಿದರು. ಅವರದು ಮೃದು ಸ್ವಭಾವ.

ಮೊನ್ನೆ ಟೈಲರಮ್ಮನ ಅತ್ತೆ ಬುತ್ತಿ ಹಿಡಿದು ಬಂದು ಬಾಗಿಲಲ್ಲೇ ಶುರು ಮಾಡಿದರು. "ಎಲ್ರೀ ನನ್ನ ಮಗ, ಸೊಸೆ? ಸಾಕಿ ಸಲಹಿದ್ದು ನಾನು, ಇಟ್ಟುಕೊಂಡಿರೋದು ನೀವಾ? ನಿಮ್ಮ ಕಚೇರಿಗೆ ಬೆಂಕಿ ಬೀಳ!"

ಅಷ್ಟರಲ್ಲಿ ಸಾಹೇಬರು ಬುತ್ತಿಯ ಮುಚ್ಚಳ ತೆಗೆದಿದ್ದರು. ಒಂದು ತುತ್ತು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು.

"ಈ ತಾಯಿಯನ್ನು ಯಾರು ಕರೆಸಿದ್ದು?"

"ಯಾರೂ ಇಲ್ಲ ಸಾರ್."

ಈಗ ನಮ್ಮ ಕಚೇರಿಯ ಊಟ ಬಲು ರುಚಿ. ಷಡ್ಡಕನೂ ಕೆಳಗೇ ಬಂದು ಉಣ್ಣುತ್ತಾನೆ. "ಸದ್ಯ, ಎಲ್ರೂ ಒಂದೇ ಕಡೆ ಇದೀವಲ್ಲ ಸಾರ್, ಅದೇ ಸಮಾಧಾನ," ಎನ್ನುತ್ತಾಳೆ ಟೈಲರಮ್ಮ. ಅವರ ಮನೆಯಲ್ಲಿ ಈಗ ಯಾರೂ ಇಲ್ಲ. ಎಲ್ಲಿ ಕಳೆದುಹೋಗುತ್ತದೋ ಎಂದು ಮನೆಯ ಬೀಗದ ಕೈಯನ್ನು ನಿನ್ನೆ ಅತ್ತೆಯೇ ತಂದು ನನ್ನ ಮೇಜಿನ ಮೇಲಿಟ್ಟರು. ರಿಸೀವ್ ಮಾಡಿಕೊಂಡೆ.