ಬಲಮಂಡಿಯ ಅರಿಶಿನ

ರಾತ್ರಿ ಹನ್ನೊಂದೂವರೆಗೆ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ‘ಟಿಕ್’ ಎಂದು ತೆರೆದ ಸದ್ದಾಯಿತು. ಇಲಿಯೇ ಇರಬೇಕೆಂದು ಶಿವಶಂಕರ ಮಗ್ಗುಲು ಬದಲಿಸಿದ. ಆದರೆ ಯಾವ ಇಲಿಯೂ ಡಬ್ಬಿ ತೆರೆದ ಮೇಲೆ ‘ತಾಯೇ, ನನ್ ಮಗನ್ನ ಕಾಪಾಡವ್ವ’ ಎನ್ನುವುದಿಲ್ಲ.

ಎದ್ದು ಹೋಗಿ ನೋಡಿದರೆ ತಾಯಿ ಮಂಚಮ್ಮ ದೇವರ ಪಟದ ಮುಂದೆ ಕೂತು ಅವನ ಹೊಸ ಪ್ಯಾಂಟಿನ ಬಲಮಂಡಿಗೆ ಅರಿಶಿನ ಬಳಿಯುತ್ತಿದ್ದಳು. ಬೊಟ್ಟಿನಷ್ಟಲ್ಲ, ಅಂಗೈ ಅಗಲಕ್ಕೆ.

“ಅವ್ವಾ! ಏನ್ ಮಾಡ್ಬುಟ್ಟೆ!”

“ಒಸ ಬಟ್ಟೆ ಕಣ್ಲಾ. ಅರಿಸ್ನ ಮುಟ್ಟುಸ್ದೆ ಆಕ್ಕಂಡೋಯ್ತೀಯಾ? ಅದೂ ಬೆಟ್ಟ ಅತ್ತಕ್ಕೆ?”

“ಒಂದು ಮೂಲೆಗೆ ಮುಟ್ಟುಸುದ್ರೆ ಆಗ್ತಿರ್ಲಿಲ್ವಾ?”

“ಸೀರೆಗಾದ್ರೆ ಮೂಲೆ. ನೀನು ಬಿದ್ರೆ ಮೊದ್ಲು ಕುಟ್ಟದು ಮಂಡಿ ತಾನೆ? ಅದ್ಕೆ ಅಲ್ಲಿಗೇ ಬಳ್ದೆ. ಎಡಗಾಲು ಇನ್ನೂ ಬಾಕಿ ಅದೆ, ಒಸಿ ತಡಿ.”

ಆ ಪ್ಯಾಂಟಿನ ಹಿಂದೆ ಮೂರು ತಿಂಗಳ ಪಾಡಿತ್ತು. ಕುಂತಿಬೆಟ್ಟದ ತಪ್ಪಲಿನ ಸಾಹಸ ಶಿಬಿರದಲ್ಲಿ ಮಕ್ಕಳಿಗೆ ಬಂಡೆ ಹತ್ತುವುದನ್ನೂ ಕೆರೆಯಲ್ಲಿ ದೋಣಿ ನಡೆಸುವುದನ್ನೂ ಕಲಿಸುವುದು ಶಿವಶಂಕರನ ಕೆಲಸ. ಆರು ವರ್ಷದಿಂದ ದಿನಗೂಲಿ. ತರಬೇತುದಾರರಿಗೆಲ್ಲ ಕೆಲಸಕ್ಕೆ ಒಗ್ಗುವಂಥ ಒಂದೇ ಬಗೆಯ ಉಡುಪು ಆರಿಸುವ ಹೊಣೆಯನ್ನು ಮಾಲೀಕ ಚಲುವರಾಜು ಅವನಿಗೆ ವಹಿಸಿದ್ದ. ಜೀನ್ಸ್ ಪ್ಯಾಂಟು ಕೆರೆಗಿಳಿದ ಕೂಡಲೇ ನೆನೆದ ಗೋಣಿಚೀಲದಂತೆ ಜೋತುಬಿತ್ತು. ಕಪ್ಪು ಪ್ಯಾಂಟು ಮಧ್ಯಾಹ್ನದ ಬಂಡೆಯ ಮೇಲೆ ರೊಟ್ಟಿ ಹೆಂಚಾಯಿತು. ತೆಳುವಾದ ಟ್ರ್ಯಾಕ್ ಪ್ಯಾಂಟು ಮೊದಲ ದಿನವೇ ಹಿಂಬದಿಯಲ್ಲಿ ಹರಿಯಿತು, ಐವತ್ತು ಮಕ್ಕಳ ಎದುರಿಗೆ. ಕೊನೆಗೆ ಬೇಗ ಒಣಗುವ ಬೂದುಬಣ್ಣದ ಬಟ್ಟೆ, ಮಂಡಿಗೆ ಎರಡು ಪದರ, ಜಿಪ್ ಇರುವ ಜೇಬು, ಹುಳಹುಪ್ಪಟೆ ನುಗ್ಗದಂತೆ ಕಾಲ ತುದಿಯಲ್ಲಿ ಬಿಗಿಯಾದ ಪಟ್ಟಿ ಎಲ್ಲ ಸೇರಿಸಿ ಮಾದರಿಗೆಂದು ಒಂದನ್ನು ಹೊಲಿಸಿದ. ಶಿಬಿರದ ತಪಾಸಣೆಗೆ ಬೆಳಿಗ್ಗೆ ಬರುವ ಅಧಿಕಾರಿ ಅದನ್ನು ಒಪ್ಪಿದರೆ ಶಿವಶಂಕರ ಮುಖ್ಯ ತರಬೇತುದಾರ. ಕೆಲಸ ಕಾಯಂ.

“ಪ್ಯಾಂಟಿನ್ ಮ್ಯಾಲೆ ಒಂದು ಕಲೆ ಕಂಡ್ರೂ ನಿನ್ ಪರ್ಮನೆಂಟು ಮರ್ತ್ಬುಡು ಕಣ್ಲಾ” ಎಂದೂ ಚಲುವರಾಜು ಹೇಳಿದ್ದ.

ಶಿವಶಂಕರ ಪ್ಯಾಂಟು ಕಿತ್ತುಕೊಂಡು ಹಿತ್ತಿಲಿಗೆ ಓಡಿದ. ಬಕೆಟ್ಟಿನ ಸದ್ದಿಗೆ ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮ ಗೋಡೆಯ ಮೇಲಿಂದ ಇಣುಕಿದರು. ಬೀದಿಯಲ್ಲಿ ಸೊಳ್ಳೆ ಕೆಮ್ಮಿದರೂ ಆಕೆಗೆ ಎಚ್ಚರ.

“ಏನ್ಲಾ ಶಿವ, ಇಷ್ಟೊತ್ನಲ್ಲಿ ಒಗ್ಯದು?”

“ಕಲೆ ಕಣಕ್ಕಾ.”

“ಬಟ್ಟೆ ಸೋಪು ಆಕಿ ಉಜ್ಜು. ಇನ್ನೂ ಒಸಿ. ಕೈ ನೋಯಂಗೆ ಉಜ್ಬೇಕು.”

ಕೈ ನೋಯುವಂತೆಯೇ ಉಜ್ಜಿದ. ಬಲ್ಬಿನ ಕೆಳಗೆ ಹಿಡಿದು ನೋಡಿದ. ಹಳದಿ ಪೂರ್ತಿ ಹೋಗಿತ್ತು. ಆ ಜಾಗದಲ್ಲಿ ಕೋಳಿ ಕೊಯ್ದಂತೆ ಕೆಂಪಾಗಿತ್ತು.

“ಅಯ್ಯೋ ಬೆಪ್ಪೆ!” ಮಂಚಮ್ಮ ಬಾಗಿಲಲ್ಲಿ ನಿಂತು ಹಣೆ ಬಡಿದುಕೊಂಡಳು. “ಅರಿಸ್ನಕ್ಕೆ ಸೋಪು ಆಕ್ತಾರೇನ್ಲಾ? ಸುಣ್ಣ ಬಿದ್ರೆ ಆರತಿ ನೀರು ಕೆಂಪಗಾಗಲ್ವಾ? ಅಂಗೇ ಇದೂವೆ!”

“ಅರಿಸ್ನ ಅಂತ ಮೊದ್ಲೇ ಏಳ್ಬಾರ್ದಾ? ನಾನು ಸಾರು ಅನ್ಕಂಡೆ” ಎಂದು ಪುಟ್ಟಲಕ್ಷ್ಮಮ್ಮ ತಲೆಯನ್ನು ಗೋಡೆಯಾಚೆಗೆ ಇಳಿಸಿಕೊಂಡರು.

ಸೋಪು ಹೋಗುವಂತೆ ಜಾಲಿಸೋಣವೆಂದರೆ ತೊಟ್ಟಿಯ ನೀರು ಮುಗಿದಿತ್ತು. ನಲ್ಲಿ ಬರುವುದು ನಾಡಿದ್ದು. ಪ್ಯಾಂಟು ಮಾತ್ರ ಕೊಟ್ಟ ಮಾತಿನಂತೆ ಬೇಗ ಒಣಗಿತು, ಕೆಂಪಿನ ಸಮೇತ.

ಬೆಳಿಗ್ಗೆ ಅವನು ಶಿಬಿರದ ಗೇಟಿನಲ್ಲಿ ಬೈಕ್ ನಿಲ್ಲಿಸುವಾಗಲೇ ಜೀಪೂ ಬಂತು. ಮಂಡಿಗೆ ಮಣ್ಣು ಮೆತ್ತಿ ಮರೆಮಾಡಬೇಕೆಂದು ದಾರಿಯುದ್ದಕ್ಕೂ ಮಾಡಿದ್ದ ಉಪಾಯ ಉಪಾಯವಾಗಿಯೇ ಉಳಿಯಿತು. ಜೀಪಿನಿಂದ ಚಲುವರಾಜು ಇಳಿದ. ಅವನ ಹಿಂದೆ ತಪಾಸಣೆಯ ಅಧಿಕಾರಿ ಪ್ರಮೀಳಾ ಇಳಿದರು.

“ಏನ್ಲಾ ಅದು ಮಂಡಿ ಮ್ಯಾಲೆ?” ಚಲುವರಾಜುವಿನ ಕಣ್ಣು ಮಂಡಿಗಿಂತ ಕೆಂಪಾಯಿತು.

“ಅದು... ಸಾರ್... ಅರಿ...”

“ರಕ್ತ ಸಾರ್!” ಎಂದು ಕಿರುಚಿದವನು ಕಿಶನ್. ಅವನೂ ಅಲ್ಲಿ ತರಬೇತುದಾರ. ಶಿವಶಂಕರ ಜೇಬಿಗೆಲ್ಲ ಜಿಪ್ ಇಡಿಸಿದ್ದ, ಇವನ ಬಾಯಿಗೆ ಇಡಿಸುವುದು ಆಗಿರಲಿಲ್ಲ. “ಕತ್ಲಲ್ಲೇ ಬಂದು ಒಬ್ನೇ ಬಂಡೆ ಅತ್ತಿ ಪ್ಯಾಂಟು ಟೆಸ್ಟ್ ಮಾಡವ್ನೆ ನಮ್ಮಣ್ಣ! ಅಲ್ವೇನಣ್ಣಾ?”

ಪ್ರಮೀಳಾ ಅವರ ಮನಸ್ಸು ಕರಗಿತು. “ಇಷ್ಟು ಪೆಟ್ಟಾದರೂ ಕೆಲಸಕ್ಕೆ ಬಂದಿದ್ದೀರಾ?”

ಅರಿಶಿನವೆಂದರೆ ಕಲೆ, ಕಲೆಯೆಂದರೆ ಕೆಲಸ ಹೋಯಿತು. ರಕ್ತವೆಂದರೆ ನಿಷ್ಠೆ. ಶಿವಶಂಕರ ಒಂದು ಗಳಿಗೆ ಯೋಚಿಸಿ, ಮೆಲ್ಲಗೆ ಬಲಗಾಲು ಎಳೆದ.

“ಒಸಿ ತರ್ಚ್ತು ಮೇಡಂ.”

“ಎಲ್ಲಿ, ಪ್ಯಾಂಟು ಮೇಲೆತ್ತಿ ತೋರಿಸಿ.”

ಪ್ಯಾಂಟು ಏರಲಿಲ್ಲ. ಇರುವೆಯೂ ನುಗ್ಗಬಾರದೆಂದು ಅವನೇ ಇಡಿಸಿದ ಪಟ್ಟಿ ಮೀನಖಂಡಕ್ಕೇ ಬಿಗಿದು ನಿಂತಿತು. ಗಾಯ ನೋಡಬೇಕಾದರೆ ಪ್ಯಾಂಟು ಬಿಚ್ಚಬೇಕು. ಅದು ಹೊಳೆದ ಕೂಡಲೇ ಮೇಡಂ ತಾವಾಗಿಯೇ ಬೇರೆ ಕಡೆ ತಿರುಗಿದರು.

ಮುಂದಿನ ಮೂರು ಗಂಟೆ ಅವನು ಕುಂಟುತ್ತಲೇ ಬಂಡೆ ಹತ್ತಿ, ಕುಂಟುತ್ತಲೇ ಹಗ್ಗದಲ್ಲಿ ಇಳಿದ. ಚೆನ್ನಾಗಿರುವ ಕಾಲಿನಲ್ಲಿ ಕುಂಟಿಕೊಂಡು ಬಂಡೆ ಹತ್ತುವುದು ಅವನಿಗೆ ಯಾರೂ ಕಲಿಸಿರದ ವಿದ್ಯೆ. ಶಾಲೆಯ ಮಕ್ಕಳು ಚಪ್ಪಾಳೆ ತಟ್ಟಿದರು. ಮೇಡಂ ಬರೆದುಕೊಳ್ಳುತ್ತಲೇ ಇದ್ದರು. ಚಲುವರಾಜು ಪಕ್ಕಕ್ಕೆ ಬಂದು ಪಿಸುಗುಟ್ಟಿದ: “ಗೆದ್ಬುಟ್ಟೆ ಕಣ್ಲಾ!”

ಕೊನೆಗೆ ಮೇಡಂ ತಾವೇ ಒಂದು ಲೋಟ ನಿಂಬೆಹಣ್ಣಿನ ಶರಬತ್ತು ತಂದುಕೊಟ್ಟರು. ಸಂತೋಷ ತಡೆಯಲಾರದೆ ಕಿಶನ್ ಅವನ ಬೆನ್ನಿಗೆ ಗುದ್ದಿದ. ಶರಬತ್ತು ಬಲಮಂಡಿಯ ಮೇಲೆ ಚೆಲ್ಲಿತು. ಹುಳಿ ತಾಗಿದ್ದೇ ತಡ, ಎಲ್ಲರೂ ನೋಡುತ್ತಿದ್ದಂತೆ ಕೆಂಪು ಹಳದಿಗೆ ತಿರುಗಿತು.

“ಅಣ್ಣಾ! ರಕ್ತ ಅಳದಿಯಾಯ್ತಾ ಅದೆ!”

ಚಲುವರಾಜು ಬಗ್ಗಿ ನೋಡಿ ಮೂಗು ಮುಚ್ಚಿಕೊಂಡ. “ಕೀವು!”

ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. “ಬೆಳಗಿನ ಗಾಯ ಮಧ್ಯಾಹ್ನದೊಳಗೆ ಕೀವಾಗುವುದೆಂದರೆ ಹುಡುಗಾಟವಲ್ಲ.”

ಈಗಲಾದರೂ ಹೇಳಿಬಿಡಲೇ ಎಂದುಕೊಂಡ ಶಿವಶಂಕರ. ಹೇಳಿದರೆ ಮೂರು ಗಂಟೆ ಯಾಕೆ ಕುಂಟಿದೆ ಎನ್ನುತ್ತಾರೆ. ಕುಂಟುವುದರಲ್ಲಿ ಮೋಸ ಮಾಡುವವನ ಕೈಗೆ ಮಕ್ಕಳ ಹಗ್ಗ ಯಾರು ಕೊಡುತ್ತಾರೆ? ಮೆಲ್ಲಗೆ ಬಲಗಾಲನ್ನು ಮುಂದೆ ಚಾಚಿದ. ಕಿಶನ್ ಪ್ಯಾಂಟಿನ ಮೇಲೆಯೇ ಬ್ಯಾಂಡೇಜು ಸುತ್ತಿದ.

ಮಧ್ಯಾಹ್ನ ಮೂರು ಗಂಟೆಗೆ ಚಲುವರಾಜು ಮೇಡಂ ಬರೆದ ವರದಿಯನ್ನು ಗಟ್ಟಿಯಾಗಿ ಓದಿದ.

“‘ಮಾದರಿ ಉಡುಪು ಅತ್ಯುತ್ತಮ. ಧರಿಸಿದವರಿಗೆ ಒಳಗೆ ತೀವ್ರ ಗಾಯವಾಗಿದ್ದರೂ ಬಟ್ಟೆಯ ಒಂದು ಎಳೆಯೂ ಹರಿದಿಲ್ಲ. ಎಲ್ಲ ತರಬೇತುದಾರರಿಗೂ ಇದನ್ನೇ ಒದಗಿಸಬಹುದು.’ ಕೇಳುದ್ಯೇನ್ಲಾ? ಪಾಸಾಗೋಯ್ತು!”

“ನನ್ ಕೆಲ್ಸ ಸಾರ್?”

ಚಲುವರಾಜು ಹಾಳೆ ತಿರುವಿದ. ದನಿ ತಗ್ಗಿತು. “‘ಧರಿಸಿದ ವ್ಯಕ್ತಿಯನ್ನು ಮೂರು ತಿಂಗಳು ಹಗ್ಗದ ಹತ್ತಿರ ಬಿಡಕೂಡದು. ಮುಖ್ಯ ತರಬೇತುದಾರರಾಗಿ ದೈಹಿಕವಾಗಿ ಸಮರ್ಥರಾದ ಬೇರೊಬ್ಬರನ್ನು ಇಂದೇ ನೇಮಿಸತಕ್ಕದ್ದು.’ ನಾನೇನ್ ಮಾಡ್ಲಪ್ಪ? ಕಿಶನ್‌ನ ಎಸ್ರು ಕೊಟ್ಬುಟ್ಟೆ. ಆ ಪ್ಯಾಂಟು ಬಿಚ್ಚಿಟ್ಟೋಗು, ಅವನ ಅಳ್ತೆಗೂ ಸರಿಯಾಯ್ತದೆ.”

ಡೇರೆಯ ಮರೆಯಲ್ಲಿ ಹಳೆಯ ಜೀನ್ಸ್ ಹಾಕಿಕೊಂಡು, ಬ್ಯಾಂಡೇಜನ್ನು ಅದರ ಮೇಲೆ ಮತ್ತೆ ಸುತ್ತಿ ಶಿವಶಂಕರ ಹೊರಬಂದ. ಕಿಶನ್ ಪ್ಯಾಂಟನ್ನು ಮೂಗಿಗೆ ಹಿಡಿದಿದ್ದ.

“ಅಣ್ಣಾ, ಇದೇನು ಅರಿಸ್ನದ ವಾಸ್ನೆ?”

“ಔಸ್ದಿ ಕಣ್ಲಾ” ಎಂದು ಹೇಳಿ ಬೈಕಿನವರೆಗೂ ಕುಂಟಿಕೊಂಡೇ ಹೋದ.

ಮನೆಯ ಹಿತ್ತಿಲಲ್ಲಿ ಬ್ಯಾಂಡೇಜು ಕಂಡದ್ದೇ ಮಂಚಮ್ಮ ಬಾಯಿ ಬಾಯಿ ಬಡಿದುಕೊಂಡಳು. “ಬಿದ್ಬುಟ್ಯಾ ಮಗ? ನಾನ್ ಬಡ್ಕಂಡೆ! ಅರಿಸ್ನ ತೊಳ್ದ್ಬುಟ್ಯಲ್ಲ, ಅದ್ಕೇ ಬಿದ್ದೆ!”

ಗೋಡೆಯ ಮೇಲೆ ಪುಟ್ಟಲಕ್ಷ್ಮಮ್ಮನ ತಲೆ ಮೂಡಿತು. “ಗಾಯಕ್ಕೆ ಸೋಪು ಗೀಪು ಆಕ್ಬೇಡ ಮಂಚಕ್ಕಾ. ಒಸಿ ಅರಿಸ್ನ ಮೆತ್ತು, ಮೂರು ದಿನಕ್ಕೆ ವಾಸಿ.”

ಒಳಗೆ ‘ಟಿಕ್’ ಎಂದು ಡಬ್ಬಿಯ ಮುಚ್ಚಳ ತೆರೆಯಿತು.

ಇನ್ನು ಯಾರಿಗೂ, ಹೆತ್ತ ತಾಯಿಗೂ, ಈ ವಿಷಯ ಹೇಳುವುದಿಲ್ಲವೆಂದು ನಿಶ್ಚಯಿಸಿದ ಶಿವಶಂಕರ ಗಾಯವಿಲ್ಲದ ಬಲಗಾಲನ್ನು ಚಾಚಿ ಕೂತ.